ಬಾಟಮ್ ಫ್ರೀಜರ್‌ನ ಮಂಜುಗಡ್ಡೆ: ಬಿಸಿನೀರೋ, ಹೇರ್ ಡ್ರೈಯರೋ, ಮೆಕ್ಯಾನಿಕ್ಕೋ?

ಫ್ರೀಜರ್ ಕೆಳಗಿರುವ ಫ್ರಿಜ್‌ನಲ್ಲಿ ಬಗ್ಗದೆ ತರಕಾರಿ ತೆಗೆಯಬಹುದು. ಆ ಸುಖದ ಜೊತೆಗೇ ಒಂದು ತಾಪತ್ರಯವೂ ಮನೆಗೆ ಬರುತ್ತದೆ. ಅತಿ ಕೆಳಗಿನ ಡ್ರಾಯರ್ ಅಡಿಯಲ್ಲಿ ಮಂಜುಗಡ್ಡೆ ಹಲಗೆಯ ಹಾಗೆ ಕಟ್ಟಿಕೊಳ್ಳುತ್ತದೆ. ಡ್ರಾಯರ್ ಎಳೆದರೆ ಅಲುಗುವುದಿಲ್ಲ. ಜೋರು ಮಾಡಿದರೆ ಅದರ ಹಿಡಿಕೆ ಕೈಗೆ ಬರುತ್ತದೆ. ಆಮೇಲೆ ಬಾಗಿಲ ಸಂದಿಯಿಂದ ನೀರು ಇಳಿದು ಅಡುಗೆಮನೆ ನೆಲವೆಲ್ಲ ಒದ್ದೆ.

ನಮ್ಮ ಮನೆ ಮಂಗಳೂರಿನಲ್ಲಿ. ಇಲ್ಲಿನ ಗಾಳಿಯಲ್ಲಿ ನೀರಿನಂಶ ಜಾಸ್ತಿ, ಬಾಗಿಲು ತೆರೆದಷ್ಟು ಸಲವೂ ಅದು ಒಳಗೆ ಹೋಗಿ ಹಿಮವಾಗುತ್ತದೆ. ಹಾಗಾಗಿ ಈ ಕಾಯಿಲೆಗೆ ಮದ್ದು ಅಂತ ಜನ ಹೇಳುವುದನ್ನೆಲ್ಲ ನಮ್ಮ ಫ್ರಿಜ್ ಮೇಲೆ ಪ್ರಯೋಗಿಸುವ ಅವಕಾಶ ನನಗೆ ಧಾರಾಳವಾಗಿ ಸಿಕ್ಕಿದೆ. ಯಾವುದು ಕೆಲಸ ಮಾಡಿತು, ಯಾವುದು ಸುಮ್ನೆ ಕೈನೋವು ಅಂತ ಹೇಳುತ್ತೇನೆ.

ಮೊದಲು ನೀರು ಎಲ್ಲಿಂದ ಬರುತ್ತದೆ ಅಂತ ತಿಳಿದುಕೊಳ್ಳಬೇಕು. ಫ್ರಾಸ್ಟ್ ಫ್ರೀ ಫ್ರಿಜ್‌ನಲ್ಲಿ ತಣ್ಣಗಾಗುವ ಕಾಯಿಲ್ ಫ್ರೀಜರ್‌ನ ಹಿಂದಿನ ಪ್ಯಾನೆಲ್ ಒಳಗೆ ಅಡಗಿರುತ್ತದೆ. ಅದರ ಮೇಲೆ ಕೂತ ಹಿಮವನ್ನು ಕರಗಿಸಲು ಕೆಳಗೊಂದು ಹೀಟರ್ ಇರುತ್ತದೆ. ಅದು ಆಗಾಗ ತಾನಾಗೇ ಆನ್ ಆಗುತ್ತದೆ. ಕರಗಿದ ನೀರು ಕಾಯಿಲ್ ಅಡಿಯ ದೋಣಿಗೆ ಬಿದ್ದು, ಅಲ್ಲಿರುವ ತೂತಿನಿಂದ ಪೈಪಿಗೆ ಇಳಿದು, ಹಿಂದೆ ಕಂಪ್ರೆಸರ್ ಹತ್ತಿರದ ಟ್ರೇಗೆ ಸೇರುತ್ತದೆ. ಕಂಪ್ರೆಸರ್ ಬಿಸಿಗೆ ಅಲ್ಲೇ ಆವಿಯಾಗಿ ಹೋಗುತ್ತದೆ. ಆ ತೂತು ಕಟ್ಟಿಕೊಂಡರೆ ದೋಣಿ ತುಂಬಿ ಫ್ರೀಜರ್ ನೆಲಕ್ಕೆ ಹರಿಯುತ್ತದೆ. ಫ್ರೀಜರ್ ಮೇಲಿರುವ ಫ್ರಿಜ್‌ನಲ್ಲಾದರೆ ನೀರು ಕೆಳಗಿಳಿದು ತರಕಾರಿ ಪೆಟ್ಟಿಗೆಯಲ್ಲಿ ಕಾಣಿಸಿಕೊಳ್ಳುತ್ತದೆ, ಬಟ್ಟೆಯಲ್ಲಿ ಒರೆಸಬಹುದು. ಇಲ್ಲಿ ಅದು ಬೀಳುವುದೇ ಮೈನಸ್ 18 ಡಿಗ್ರಿ ಜಾಗಕ್ಕೆ. ಬಿದ್ದದ್ದು ಗಟ್ಟಿಯಾಗುತ್ತದೆ, ಅದರ ಮೇಲೆ ಇನ್ನೊಂದು ಪದರ, ಮತ್ತೊಂದು ಪದರ.

ಪ್ಲಗ್ ತೆಗೆದು ಬಾಗಿಲು ತೆರೆದಿಟ್ಟು ಒಂದು ದಿನ ಬಿಡುವುದು ಎಲ್ಲಕ್ಕಿಂತ ಹಳೆಯ ಉಪಾಯ. ನನ್ನ ಮಟ್ಟಿಗೆ ಇವತ್ತಿಗೂ ಅದೇ ಉತ್ತಮ. ಉಪಕರಣ ಬೇಡ, ಸ್ಕ್ರೂ ಬಿಚ್ಚುವುದು ಬೇಡ, ಏನೂ ಮುರಿಯುವುದಿಲ್ಲ. ಪ್ಯಾನೆಲ್ ಹಿಂದಿನ ಹಿಮ, ದೋಣಿಯ ಹಿಮ, ಪೈಪ್ ಒಳಗಿನ ಹಿಮ ಎಲ್ಲವೂ ಕರಗುತ್ತದೆ. ಬೇರೆ ಯಾವ ದಾರಿಯೂ ಇಷ್ಟು ಆಳಕ್ಕೆ ಹೋಗುವುದಿಲ್ಲ. ತೊಂದರೆ ಒಂದೇ, ಒಳಗಿರುವುದನ್ನೆಲ್ಲ ಎಲ್ಲಿಡುವುದು? ನಮ್ಮ ಮನೆಯ ಫ್ರೀಜರ್ ಅಂದರೆ ಬಂಗುಡೆ, ಬೂತಾಯಿ, ಕಾಯಿತುರಿ. ಪಕ್ಕದ ಮನೆಯವರ ಫ್ರಿಜ್‌ಗೆ ಮೀನು ಕಳಿಸಬೇಕಾದರೆ ಅವರೂ ಮೀನು ತಿನ್ನುವವರೇ ಆಗಿರಬೇಕು ನೋಡಿ! ನಾನು ಈ ಕೆಲಸವನ್ನು ಮಳೆಗಾಲಕ್ಕೆ ಇಟ್ಟುಕೊಂಡಿದ್ದೇನೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ, ಹಾಗಾಗಿ ಫ್ರೀಜರ್ ಹೇಗೂ ಅರ್ಧ ಖಾಲಿ. ಗಾಳಿಯಲ್ಲಿ ಪಸೆ ಹೆಚ್ಚಿ ಹಿಮ ಜಾಸ್ತಿ ಕಟ್ಟುವುದೂ ಅದೇ ತಿಂಗಳುಗಳಲ್ಲಿ. ಒಮ್ಮೆ ಪೂರ್ತಿ ಕರಗಿಸಿದರೆ ಎರಡೂ ಲೆಕ್ಕ ಸರಿಹೋಗುತ್ತದೆ. ಕೆಳಗೆ ಹಳೆಯ ಪಂಚೆಯೋ ಟವೆಲ್ಲೋ ಹಾಸಿಡಿ. ಹಿಂದಿನ ಟ್ರೇ ಚಿಕ್ಕದು, ಅದೂ ತುಂಬಿ ಹರಿಯಬಹುದು.

ಅಷ್ಟು ತಾಳ್ಮೆ ಇಲ್ಲದವರಿಗೆ ಹೇರ್ ಡ್ರೈಯರ್. ವಿಡಿಯೋಗಳಲ್ಲಿ ಎಲ್ಲರೂ ತೋರಿಸುವುದು ಇದನ್ನೇ. ಮಾಡಿ ನೋಡಿದ ಮೇಲೆ ನನಗೆ ಇದರ ಮೇಲೆ ನಂಬಿಕೆ ಉಳಿದಿಲ್ಲ. ಮೇಲ್ಮೈ ಮಂಜು ಕರಗುತ್ತದೆ, ನೋಡಲು ಖುಷಿ. ಆದರೆ ತೂತಿನ ಒಳಗೆ ಬಿಸಿಗಾಳಿ ಇಳಿಯುವುದೇ ಇಲ್ಲ. ಕರಗಿದ ನೀರಿಗೆ ಹೋಗಲು ದಾರಿ ಇಲ್ಲದೆ ಅಲ್ಲೇ ನಿಂತು ಮತ್ತೆ ಹೆಪ್ಪುಗಟ್ಟುತ್ತದೆ. ತುಂಬ ಹತ್ತಿರ ಹಿಡಿದರೆ ಫ್ರೀಜರ್ ಒಳಗಿನ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಜೊತೆಗೆ ನೀರು ನಿಂತ ಜಾಗದಲ್ಲಿ ಕರೆಂಟಿನ ವಸ್ತು ಹಿಡಿದು ಕೂರುವುದು ನನಗಂತೂ ಇಷ್ಟವಿಲ್ಲ.

ಇದಕ್ಕಿಂತ ಅಗ್ಗದ ಮತ್ತು ಚುರುಕಾದ ದಾರಿ ಬಿಸಿನೀರು. ಅದರಲ್ಲೂ ಎರಡು ವಿಧ. ಪಾತ್ರೆಯಲ್ಲಿ ಕುದಿನೀರು ತುಂಬಿ, ಅಡಿಗೆ ಬಟ್ಟೆ ಮಡಚಿಟ್ಟು, ಫ್ರೀಜರ್ ಒಳಗಿಟ್ಟು ಬಾಗಿಲು ಮುಚ್ಚುವುದು ಒಂದು. ಹಬೆಗೆ ನೆಲದ ಹಲಗೆ ಸಡಿಲವಾಗಿ ಚೂರುಚೂರಾಗಿ ಎದ್ದುಬರುತ್ತದೆ. ಆರಿದ ಹಾಗೆ ನೀರು ಬದಲಾಯಿಸಬೇಕು, ಅಷ್ಟೇ. ನೆಲದ ಮಂಜಿಗೆ ಇದು ಸಾಕು.

ತೂತಿಗೆ ಮಾತ್ರ ಸಿರಿಂಜ್ ಬೇಕು. ಮೆಡಿಕಲ್ ಶಾಪಿನಲ್ಲಿ 50 ಎಂಎಲ್‌ನ ದೊಡ್ಡ ಸಿರಿಂಜ್ ಸಿಗುತ್ತದೆ, ಅದರ ತುದಿಗೆ ಕೂರುವ ತೆಳು ಪ್ಲಾಸ್ಟಿಕ್ ಟ್ಯೂಬೂ ಅಲ್ಲೇ ಸಿಗುತ್ತದೆ. ಪ್ಲಗ್ ತೆಗೆದು, ಡ್ರಾಯರ್‌ಗಳನ್ನು ಹೊರಗಿಟ್ಟು, ಹಿಂದಿನ ಪ್ಯಾನೆಲ್‌ನ ಸ್ಕ್ರೂ ಬಿಚ್ಚಿ. ಪ್ಯಾನೆಲ್ಲಿಗೆ ಫ್ಯಾನಿನ ವೈರ್ ಅಂಟಿಕೊಂಡಿರಬಹುದು, ಆದ್ದರಿಂದ ಸರ್ರನೆ ಎಳೆಯಬಾರದು. ಕನೆಕ್ಟರ್ ಕಳಚುವ ಮೊದಲು ಫೋನಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಕಾಯಿಲ್‌ನ ಅಲ್ಯೂಮಿನಿಯಂ ರೆಕ್ಕೆಗಳು ಬ್ಲೇಡಿನಷ್ಟೇ ಚೂಪು, ಗ್ಲೌಸ್ ಇದ್ದರೆ ಒಳ್ಳೆಯದು. ಟ್ಯೂಬನ್ನು ತೂತಿಗೆ ತುರುಕಿ ಬಿಸಿನೀರನ್ನು ನಿಧಾನವಾಗಿ ಒತ್ತಿ. ಕುದಿಯುವ ನೀರು ಬೇಡ, ಕೈಗೆ ತಡೆಯುವುದಕ್ಕಿಂತ ತುಸು ಜಾಸ್ತಿ ಬಿಸಿ ಸಾಕು. ಮೊದಲು ನೀರು ವಾಪಸ್ ಬರುತ್ತದೆ. ಟ್ಯೂಬು ಸ್ವಲ್ಪಸ್ವಲ್ಪವೇ ಕೆಳಗಿಳಿಯುತ್ತದೆ. ಆಮೇಲೆ ಇದ್ದಕ್ಕಿದ್ದ ಹಾಗೆ ಗುಳುಗುಳು ಅಂತ ಹಿಂದಿನ ಟ್ರೇಗೆ ನೀರು ಬೀಳುವ ಸದ್ದು. ಹೇರ್ ಡ್ರೈಯರ್‌ನಲ್ಲಿ ಅರ್ಧ ದಿನ ಆಗದ ಕೆಲಸ ಇದರಲ್ಲಿ ಅರ್ಧ ಗಂಟೆಗೆ ಮುಗಿಯುತ್ತದೆ.

ಚಾಕು, ಸ್ಕ್ರೂಡ್ರೈವರ್ ತೆಗೆದುಕೊಂಡು ಮಂಜು ಕೆತ್ತುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಈಗಿನ ಬಹಳಷ್ಟು ಫ್ರಿಜ್‌ಗಳಲ್ಲಿ ಕಾಯಿಲ್ ಒಳಗೆ ಹರಿದು ತಂಪು ಮಾಡುವುದು ಆರ್600ಎ ಗ್ಯಾಸ್, ಅಂದರೆ ಐಸೊಬ್ಯುಟೇನ್. ಅದು ಹೊತ್ತಿಕೊಳ್ಳುವ ಅನಿಲ. ಹಿಂಬದಿಯ ಸ್ಟಿಕ್ಕರ್ ಓದಿದರೆ ಗೊತ್ತಾಗುತ್ತದೆ. ಕಾಯಿಲ್‌ಗೆ ಒಂದು ತೂತು ಬಿತ್ತೆಂದರೆ ಗ್ಯಾಸೂ ಹೋಯಿತು, ಖರ್ಚೂ ಬಂತು. ನೀರು ಇಳಿಯುವ ತೂತಿಗೆ ಕಲ್ಲುಪ್ಪು ಹಾಕಿ ಅನ್ನುವ ಸಲಹೆಯೂ ಇದೆ. ಮಂಜು ಕರಗುವುದು ನಿಜ, ಆದರೆ ಉಪ್ಪುನೀರು ಅಲ್ಯೂಮಿನಿಯಂ ತಿನ್ನುತ್ತದೆ. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಸಿರಿಂಜ್ ಗೆದ್ದಿತು ಅಂದುಕೊಂಡರೂ ಕೆಲವು ವಾರಗಳಲ್ಲಿ ಮತ್ತೆ ಅದೇ ಕಥೆ ಶುರುವಾಗಬಹುದು. ಆಗ ಹೀಟರ್ ಬಿಸಿ ತೂತಿನವರೆಗೆ ಬರುತ್ತಿಲ್ಲ ಅಂತ ಅರ್ಥ. ಕೆಲವು ಮಾಡೆಲ್‌ಗಳಲ್ಲಿ ಹೀಟರ್‌ನಿಂದ ತೂತಿಗೆ ಇಳಿಯುವ ಅಲ್ಯೂಮಿನಿಯಂ ಪಟ್ಟಿಯೊಂದು ಕಂಪನಿಯಿಂದಲೇ ಬಂದಿರುತ್ತದೆ. ಇಲ್ಲದಿದ್ದರೆ ದಪ್ಪ ತಾಮ್ರದ ತಂತಿಯ ಒಂದು ತುದಿಯನ್ನು ಹೀಟರ್‌ನ ಲೋಹದ ಕೊಳವೆಗೆ ಸುತ್ತಿ, ಇನ್ನೊಂದು ತುದಿಯನ್ನು ತೂತಿನೊಳಗೆ ನಾಲ್ಕೈದು ಸೆಂಟಿಮೀಟರ್ ಇಳಿಬಿಡಬಹುದು. ಡಿಫ್ರಾಸ್ಟ್ ಆದಾಗಲೆಲ್ಲ, ಅಂದರೆ ಹಿಮ ಕರಗಿಸಲು ಹೀಟರ್ ಆನ್ ಆದಾಗಲೆಲ್ಲ, ತಾಮ್ರ ಬಿಸಿಯನ್ನು ಕೆಳಕ್ಕೆ ಒಯ್ಯುತ್ತದೆ. ನಮ್ಮಲ್ಲಿ ತೂತಿನ ಸಮಸ್ಯೆಗೆ ಬಾಳಿಕೆಯ ಪರಿಹಾರ ಅಂತ ಸಿಕ್ಕಿದ್ದು ಇದೊಂದೇ. ತಂತಿ ಹೀಟರ್‌ನ ವೈರ್ ಕೂಡುವ ತುದಿಗಳ ಹತ್ತಿರ ಸುಳಿಯಬಾರದು. ಹೀಟರ್ ಗಾಜಿನ ಕೊಳವೆಯದ್ದಾದರೆ ಈ ಉಪಾಯವೇ ಬೇಡ.

ಪ್ಯಾನೆಲ್ ತೆಗೆದಾಗ ಕಾಯಿಲ್ ಹೇಗಿದೆ ಅಂತ ನೋಡುವುದು ಮುಖ್ಯ. ಮೆಕ್ಯಾನಿಕ್ ಹೇಳುವುದರಲ್ಲಿ ಎಷ್ಟು ನಿಜ ಅಂತ ಅಲ್ಲೇ ತಿಳಿಯುತ್ತದೆ. ಕಾಯಿಲ್ ಪೂರ್ತಿ ಒಂದೇ ಸಮ ತೆಳುವಾಗಿ ಬೆಳ್ಳಗಿದ್ದರೆ ಗ್ಯಾಸ್ ಸರಿ ಇದೆ. ಒಂದು ಮೂಲೆಯಲ್ಲಿ ಮಾತ್ರ ಹಿಮ, ಉಳಿದದ್ದು ಬೋಳು ಅಂತಾದರೆ ಗ್ಯಾಸ್ ಕಡಿಮೆಯಾಗಿರುವ ಸಾಧ್ಯತೆ ಹೆಚ್ಚು. ಇಡೀ ಕಾಯಿಲ್ ದಪ್ಪ ಹಿಮದಲ್ಲಿ ಮುಳುಗಿದ್ದರೆ ಡಿಫ್ರಾಸ್ಟ್ ಆಗುತ್ತಿಲ್ಲ. ಆಗ ಮೇಲಿನ ಭಾಗಕ್ಕೆ ಗಾಳಿ ಏರುವುದಿಲ್ಲ. ಮೇಲೆ ಹಾಲು ಹುಳಿಯಾಗುತ್ತದೆ, ಕೆಳಗೆ ಮೀನು ಗಟ್ಟಿಯಾಗೇ ಇರುತ್ತದೆ.

ನಾವು ಎರಡೂ ಬಗೆಯ ರಿಪೇರಿಯವರನ್ನು ಕರೆಸಿದ್ದೇವೆ. ಪೇಟೆಯ ಮೆಕ್ಯಾನಿಕ್ ಅದೇ ಸಂಜೆ ಬಂದರು, ಪ್ಯಾನೆಲ್ ಮುಟ್ಟದೆಯೇ "ಗ್ಯಾಸ್ ಹೋಗಿದೆ" ಅಂದರು. ಕಂಪನಿಯ ಕಡೆಯವರು ಕಾಯಿಸಿದರು, ಬಂದವರು ಫ್ರಿಜ್ ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್ ಬದಲಾಯಿಸಬೇಕು ಅಂದರು. ಕಾಯಿಲ್ ಮೇಲೆ ದಪ್ಪ ಹಿಮ ಇದ್ದದ್ದು ನನಗೆ ಗೊತ್ತಿತ್ತು, ಹಾಗಾಗಿ ಮೊದಲು ಮೀಟರ್ ಇಟ್ಟು ನೋಡಿ ಅಂದೆ. ಹೀಟರ್ ಸಾಲಿನಲ್ಲಿದ್ದ, ಬಿಸಿ ಮಿತಿಮೀರಿದರೆ ಕರೆಂಟ್ ಕಡಿಯುವ ಥರ್ಮಲ್ ಫ್ಯೂಸ್ ಹೋಗಿತ್ತು. ಚಿಲ್ಲರೆ ಭಾಗ. ಬದಲಾಯಿಸಿದ್ದು ಕಂಪನಿಯವರೇ, ಸರಿಯಾದ ಭಾಗ ಅವರ ಬಳಿ ಇತ್ತು, ಬಿಲ್ಲೂ ಕೊಟ್ಟರು. ಬೋರ್ಡ್, ಸೆನ್ಸರ್ ತರಹದ ಕೆಲಸಕ್ಕೆ ಅವರೇ ವಾಸಿ. ಕಂಪ್ರೆಸರ್ ಸ್ಟಾರ್ಟ್ ಮಾಡುವ ರಿಲೇ, ಫ್ಯಾನು, ಬಾಗಿಲ ರಬ್ಬರಿಗೆ ಪೇಟೆಯವರು ಸಾಕು.

ಮಲ್ಟಿಮೀಟರ್ ಹಿಡಿಯಲು ಬರುವವರಿಗೆ ಒಂದು ಲೆಕ್ಕ. ಪ್ಲಗ್ ತೆಗೆದು, ಹೀಟರ್ ಕನೆಕ್ಟರ್ ಕಳಚಿ ಅಳೆಯಿರಿ. 230 ವೋಲ್ಟಿನಲ್ಲಿ 150 ವಾಟ್‌ನ ಹೀಟರ್ ಆದರೆ ಸುಮಾರು 350 ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಸುಟ್ಟಿದೆ. ಫ್ಯೂಸ್ ಸರಿ ಇದ್ದರೆ ಸೊನ್ನೆಯ ಹತ್ತಿರ ಇರುತ್ತದೆ. ಪಕ್ಕದಲ್ಲೇ ಇರುವ, ಬಿಸಿ ಏರಿದಾಗ ಹೀಟರ್ ಆರಿಸುವ ಬೈಮೆಟಲ್ ಥರ್ಮೋಸ್ಟಾಟ್ ಚೆನ್ನಾಗಿ ತಣ್ಣಗಿದ್ದಾಗ ಮಾತ್ರ ಸಂಪರ್ಕ ಕೊಡುತ್ತದೆ. ಅದನ್ನು ಹೊರಗೆ ತೆಗೆದು ಸೆಕೆಯಲ್ಲಿ ಅಳೆದರೆ ಸರಿ ಇರುವುದೂ ಕೆಟ್ಟ ಹಾಗೆ ಕಾಣುತ್ತದೆ.

ಇನ್ನು ಬಾಗಿಲ ರಬ್ಬರ್. ಪಸೆ ಗಾಳಿ ಒಳಗೆ ಬರುವುದೇ ಇಲ್ಲಿಂದ, ಆದ್ದರಿಂದ ಇದನ್ನು ಸರಿಮಾಡದೆ ಹಿಮದ ಜೊತೆ ಗುದ್ದಾಡಿ ಲಾಭವಿಲ್ಲ. ಹತ್ತು ರೂಪಾಯಿ ನೋಟನ್ನು ಬಾಗಿಲ ಸಂದಿಯಲ್ಲಿಟ್ಟು ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ಹಿಡಿತ ಇಲ್ಲ. ಕೆಳಗಿನ ಬಾಗಿಲಿನಲ್ಲಿ ಹೆಚ್ಚಾಗಿ ಕೆಳ ಅಂಚು ಕೈಕೊಡುತ್ತದೆ, ಒಳಗಿನ ತುಣುಕು, ನೀರು ಎಲ್ಲ ಕೂರುವುದು ಅಲ್ಲೇ. ಮೊದಲು ಸೋಡಾಪುಡಿ ಕಲಸಿದ ಬೆಚ್ಚಗಿನ ನೀರಿನಲ್ಲಿ ಒರೆಸಿ. ಫ್ರಿಜ್‌ನ ಮುಂದಿನ ಕಾಲುಗಳನ್ನು ತಿರುಗಿಸಿ ಮುಂಭಾಗ ತುಸು ಎತ್ತರಿಸಿ, ಬಾಗಿಲು ತಾನಾಗೇ ಮುಚ್ಚಿಕೊಳ್ಳುತ್ತದೆ. ನಮ್ಮಲ್ಲಿ ಅರ್ಧ ಸಮಸ್ಯೆ ಇಷ್ಟರಲ್ಲೇ ಹೋಯಿತು. ಉಳಿದ ಮಡಿಕೆಗಳನ್ನು ನೇರ ಮಾಡಲು, ನಾನು ಮೇಲೆ ಬೈದ ಹೇರ್ ಡ್ರೈಯರೇ ಸರಿ. ಬಿಸಿ ಮಾಡಿ, ಬೆರಳಲ್ಲಿ ಎಳೆದು, ಬಾಗಿಲು ಮುಚ್ಚಿ ಬಿಡಬೇಕು. ವ್ಯಾಸಲಿನ್ ಹಚ್ಚುವುದರಿಂದ ಹಿಂಜಿನ ಕಡೆ ರಬ್ಬರ್ ಮಡಚಿಕೊಳ್ಳುವುದು ತಪ್ಪುತ್ತದೆ, ಹರಿದದ್ದು ಕೂಡಿಕೊಳ್ಳುವುದಿಲ್ಲ. ಹರಿದಿದ್ದರೆ ಹೊಸದೇ ಬೇಕು. ಅಳತೆಗೆ ಅಂಟಿಸಿಕೊಡುವ ಲೋಕಲ್ ರಬ್ಬರ್ ಅಗ್ಗ, ಆದರೆ ನಾವು ಹಾಕಿಸಿದ್ದರಲ್ಲಿ ಒಳಗಿನ ಅಯಸ್ಕಾಂತ ಬಲ ಸಾಲದೆ ಮೂಲೆಗಳು ಎದ್ದು ನಿಂತವು. ಈ ಒಂದು ವಿಷಯದಲ್ಲಿ ಕಂಜೂಸುತನ ಬೇಡ, ಆ ಮಾಡೆಲ್‌ದೇ ತರಿಸಿ. ಮಡಚಿ ಬಂದಿರುತ್ತದೆ, ಬಿಸಿನೀರಿನಲ್ಲಿ ನೆನೆಸಿ ಹಾಕಿದರೆ ಸರಿಯಾಗಿ ಕೂರುತ್ತದೆ.

ಹಿಂದಿನ ಕಾಯಿಲ್ ಧೂಳು ಹೊಡೆಯಿರಿ ಅನ್ನುವ ಸಲಹೆ ಹಳೆಯ ಫ್ರಿಜ್‌ಗಳಿಗೆ ಸರಿ. ನಮ್ಮದರಲ್ಲಿ ಬಿಸಿ ಬಿಡುವ ಕಾಯಿಲ್ ಪಕ್ಕದ ಗೋಡೆಗಳ ಒಳಗೇ ಇದೆ, ಅದಕ್ಕೇ ಎರಡೂ ಬದಿ ಬೆಚ್ಚಗಿರುತ್ತದೆ. ಆ ಬದಿಗಳಿಗೆ ಅಕ್ಕಿಚೀಲ ಒರಗಿಸದಿದ್ದರೆ ಸಾಕು. ಕಂಪ್ರೆಸರ್ ಇರುವ ಗೂಡನ್ನು ಮಾತ್ರ ಪೇಂಟ್ ಬ್ರಷ್ಷಿನಲ್ಲಿ ಒರೆಸುತ್ತೇನೆ. ಬ್ಲೋವರ್ ಧೂಳನ್ನು ಅಡುಗೆಮನೆಗೆಲ್ಲ ಹಂಚುತ್ತದೆ. ಹಲ್ಲಿ, ಜಿರಲೆ ವಾಸ ಇದ್ದರೆ ಆಗಲೇ ಗೊತ್ತಾಗುವುದು.

ಸ್ಟೆಬಿಲೈಸರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಳೆಯ ಕಂಪ್ರೆಸರ್‌ಗೆ ಬೇಕು. ಇನ್ವರ್ಟರ್ ಕಂಪ್ರೆಸರ್ (ಬೇಕಾದ ಹಾಗೆ ವೇಗ ಬದಲಿಸಿಕೊಳ್ಳುವ ಹೊಸ ಬಗೆಯದು) ಇದ್ದರೆ ಎಷ್ಟು ವೋಲ್ಟಿನವರೆಗೆ ತಡೆಯುತ್ತದೆ ಅಂತ ಪುಸ್ತಕದಲ್ಲಿ ಬರೆದಿರುತ್ತದೆ. ನಿಮ್ಮ ಊರಿನ ಕರೆಂಟ್ ಆ ಮಿತಿ ದಾಟಿ ಕುಣಿಯುತ್ತಿದ್ದರೆ ಆಗ ಕೊಳ್ಳಿ. ಗ್ಯಾಸ್ ತುಂಬುವ ಕೆಲಸಕ್ಕಂತೂ ನಾನು ಕೈಹಾಕಿಲ್ಲ, ಹಾಕುವುದೂ ಇಲ್ಲ. ಆರ್600ಎ ಬಳಸಿ ರೂಢಿ ಇರುವವರನ್ನೇ ಕರೆಸಿ, ಅವರು ಕೆಲಸ ಮಾಡುವಾಗ ಕಿಟಕಿ ತೆರೆದಿಟ್ಟು ಗ್ಯಾಸ್ ಒಲೆ ಆರಿಸಿ.