ಅಲ್ಬಾರಿನ್ಯೊ, ಮಸ್ಕದೇ: ಅಟ್ಲಾಂಟಿಕ್ ತೀರದ ಎರಡು ಬಿಳಿ ವೈನ್‌ಗಳಲ್ಲಿ ಆಯ್ಕೆ

ಮೀನೂಟಕ್ಕೆ ಯಾವುದನ್ನು ಕೊಳ್ಳಬೇಕೆಂದು ಕೇಳಿದ್ದೀರಿ. ಬೆಲೆಯೇ ಮುಖ್ಯವಾದರೆ, ಫ್ರಾನ್ಸಿನ ನಾಂಟ್ ನಗರದ ಸುತ್ತಮುತ್ತಲಿನ ಮಸ್ಕದೇ ಸಾಮಾನ್ಯವಾಗಿ ಅಗ್ಗ.

ರುಚಿಯಲ್ಲಿ ಅಂತರ ಹೆಚ್ಚು. ಸ್ಪೇನಿನ ರಿಯಾಸ್ ಬೈಶಾಸ್ ಪ್ರದೇಶದಲ್ಲಿ ಮಳೆ ಬಹಳವಾದ್ದರಿಂದ ಬಳ್ಳಿಯನ್ನು ಗ್ರಾನೈಟ್ ಕಂಬಗಳ ಚಪ್ಪರಕ್ಕೆ ಹಬ್ಬಿಸಿ, ಕೆಳಗೆ ಗಾಳಿಯಾಡುವಂತೆ ಮಾಡಿ, ದಪ್ಪ ಸಿಪ್ಪೆಯ ಅಲ್ಬಾರಿನ್ಯೊ ದ್ರಾಕ್ಷಿಯ ಗೊಂಚಲುಗಳನ್ನು ಬೂಷ್ಟಿನಿಂದ ಕಾಯುತ್ತಾರೆ. ಲೋಟವನ್ನು ಮೂಗಿನ ಬಳಿ ತಂದರೆ ಪೀಚ್ ಮತ್ತು ನಿಂಬೆಯ ಪರಿಮಳ. ನಾಲಿಗೆಗೆ ಚುರುಕಾದ ಹುಳಿ, ಕೊನೆಯಲ್ಲಿ ತುಸು ಉಪ್ಪು. ಮಸ್ಕದೇಯ ಪರಿಮಳ ಮೆಲುವಾದುದು. ಲೇಬಲ್ಲಿನಲ್ಲಿ ‘ಸ್ಯುರ್ ಲೀ’ ಎಂದಿರುವುದನ್ನೇ ಆರಿಸಿ: ಚಳಿಗಾಲವಿಡೀ ಯೀಸ್ಟಿನ ಗಸಿಯ ಮೇಲೆ ನಿಂತ ಆ ವೈನಿಗೆ ಬ್ರೆಡ್ಡಿನಂಥ ಹದ ಬಂದಿರುತ್ತದೆ.

ಹಸಿ ಸಿಂಪಿಗಳಿಗೆ ಮಸ್ಕದೇಯೇ ಒಪ್ಪುತ್ತದೆ; ಕೆಂಡದಲ್ಲಿ ಸುಟ್ಟ ಮೀನು, ಬೆಳ್ಳುಳ್ಳಿ ಹಾಕಿ ಹುರಿದ ಸಿಗಡಿ ಇದ್ದರೆ ಅಲ್ಬಾರಿನ್ಯೊ ಆರಿಸಿ, ಅದರ ಪರಿಮಳ ಅವುಗಳ ಮುಂದೆ ಮಂಕಾಗುವುದಿಲ್ಲ.