ಕಬಡ್ಡಿ ಆಡುವವರಿಗೆ ಬ್ಯಾಲೆನ್ಸ್ ಬೋರ್ಡ್: ಎರಡು ತಿಂಗಳು ಬಳಸಿದ ಮೇಲೆ

ಮರದ ದುಂಡು ಹಲಗೆ, ಅಡಿಯಲ್ಲಿ ಅರ್ಧ ಚೆಂಡಿನಂಥ ಉಬ್ಬು. ಅಷ್ಟೇ ಈ ಬೋರ್ಡ್. ನಾನು ಕಬಡ್ಡಿಯಲ್ಲಿ ಕಾರ್ನರ್ ಡಿಫೆಂಡರ್. ರೈಡರ್ ಕಾಲಿಗೆ ಕೈ ಹಾಕಲು ಬಾಗಿದಾಗಲೆಲ್ಲ ಮುಗ್ಗರಿಸುತ್ತಿದ್ದೆ, ಅದಕ್ಕೇ ತೊಗೊಂಡೆ.

ಮೊದಲ ದಿನ ನೆಟ್ಟಗೆ ನಿಂತೆ. ಎರಡೇ ಸೆಕೆಂಡಿಗೆ ಅಂಚು ಟಪ್ ಅಂತ ನೆಲಕ್ಕೆ ಬಡಿಯಿತು. ಮಂಡಿ ಬಗ್ಗಿಸಿ, ಸೊಂಟ ಇಳಿಸಿ, ಪಾದ ಅಗಲಿಸಿದ ಮೇಲೆ ಹಲಗೆ ನಡುಗುತ್ತಾ ನಡುಗುತ್ತಾ ನಿಂತಿತು. ನೆಟ್ಟಗೆ ನಿಂತಾಗ ನಮ್ಮ ದೇಹದ ತೂಕದ ಕೇಂದ್ರ ಹೆಚ್ಚುಕಡಿಮೆ ಹೊಕ್ಕುಳಿನ ಮಟ್ಟದಲ್ಲಿರುತ್ತದೆ. ಅಲ್ಲಿಂದ ನೇರ ಕೆಳಗೆ ಎಳೆದ ಗೆರೆ ಪಾದಗಳೂ ಅವುಗಳ ನಡುವಿನ ಜಾಗವೂ ಸೇರಿದಷ್ಟರೊಳಗೆ ಬಿದ್ದರೆ ನಿಲ್ಲುತ್ತೇವೆ, ಹೊರಗೆ ಹೋದರೆ ಬೀಳುತ್ತೇವೆ. ಕುಸ್ತಿ ಪೈಲ್ವಾನರು ಕುಗ್ಗಿ ನಿಲ್ಲುವುದೂ ಇದಕ್ಕೇ ಅಲ್ವಾ!

ಆದರೆ ಜಾಸ್ತಿ ಅಗಲಿಸಿದರೆ ಕಾಲು ಬೇಗ ಏಳುವುದಿಲ್ಲ. ಚಿಮ್ಮಬೇಕಾದರೆ ತೂಕವನ್ನು ಬೇಕಾದ ಕಡೆಯ ಅಂಚಿಗೆ ತರಬೇಕು, ಆ ಅಳತೆ ಈ ಹಲಗೆಯ ಮೇಲೆ ದಿನಾ ಹತ್ತು ನಿಮಿಷ ತೂಗಾಡಿದ ಮೇಲೇ ನನ್ನ ಕಾಲಿಗೆ ಗೊತ್ತಾಯಿತು. ಈಗ ಬಾಗಿದಾಗ ಹಿಂದಿನ ಕಾಲು ತಾನಾಗಿಯೇ ನೆಲ ಹಿಡಿಯುತ್ತದೆ. ತುಂಬಾ ಖುಷಿಯಾಗಿದೆ.

ಕೊರತೆಯೂ ಇದೆ. ಪಾಲಿಶ್ ಜಾಸ್ತಿ, ಬೆವರು ಬಿದ್ದರೆ ಜಾರುತ್ತದೆ, ನಾನು ಮೇಲೆ ರಬ್ಬರ್ ಶೀಟ್ ಅಂಟಿಸಿಕೊಂಡೆ. ಟೈಲ್ಸ್ ಮೇಲೆ ಸುಮ್ನೆ ಇಡಬೇಡಿ, ಕೆಳಗೆ ಮ್ಯಾಟ್ ಹಾಕಿ. ಮೊದಲ ವಾರ ಗೋಡೆ ಪಕ್ಕದಲ್ಲೇ ನಿಲ್ಲಿ. ಕಾಲು ಉಳುಕಿದ್ದರೆ ಫಿಸಿಯೋ ಅವರನ್ನು ಕೇಳಿಯೇ ಹತ್ತಿ.