ಕೊಪ್ಪಳ, ಬಳ್ಳಾರಿ, ರಾಯಚೂರು ಕಡೆ ಪೂಲ್ ಇರುವವರೇ, ‘ಚಳಿಗಾಲದ ಕ್ಲೋಸಿಂಗ್’ ಅಂತ ಬಂದರೆ ಒಪ್ಪಬೇಡಿ

ಮೊದಲೇ ಹೇಳಿಬಿಡುತ್ತೇನೆ. ದೀಪಾವಳಿ ಮುಗಿದ ಮೇಲೆ ಯಾರಾದರೂ ಬಂದು "ಸೀಸನ್ ಮುಗೀತು, ಪೂಲ್ ಕ್ಲೋಸ್ ಮಾಡಿ ಇಡೋಣ, ಯುಗಾದಿಗೆ ಓಪನ್ ಮಾಡಿ ಕೊಡ್ತೀವಿ" ಅಂದರೆ ದಯವಿಟ್ಟು ಒಪ್ಪಬೇಡಿ. ನಮ್ಮ ಊರಿನ ಬಿಸಿಲಿಗೆ ಅದು ಬೇಕಾಗಿಯೇ ಇಲ್ಲ. ಬೇಕಿಲ್ಲ ಅನ್ನುವುದಷ್ಟೇ ಅಲ್ಲ, ಪಾಚಿ ಬೆಳೆಸುವುದಕ್ಕೆ ಅದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ. ಮೊದಲು ಕ್ಲೋಸ್ ಮಾಡಿ ದುಡ್ಡು, ಆಮೇಲೆ ಅವರೇ ಬೆಳೆಸಿದ ಪಾಚಿ ತೆಗೆಯುವುದಕ್ಕೆ ಮತ್ತೆ ದುಡ್ಡು. ನಮಗೆ ಆಗಿದ್ದು ಇದೇ.

ಗಂಗಾವತಿಯಿಂದ ಆನೆಗೊಂದಿ ಕಡೆ ಹೋಗುವ ದಾರಿಯಲ್ಲಿ ನಮ್ಮ ತೋಟದ ಮನೆ ಇದೆ. ಹಿಂದುಗಡೆ ಸಣ್ಣದೊಂದು ಪೂಲ್. 20 ಅಡಿ ಉದ್ದ, 12 ಅಡಿ ಅಗಲ, 4 ಅಡಿ ನೀರು. ಅಂದರೆ ಸುಮಾರು 27 ಸಾವಿರ ಲೀಟರ್. ಈ ಲೆಕ್ಕ ನೆನಪಿಡಿ, ಮುಂದೆ ಬೇಕಾಗುತ್ತದೆ. ನಮ್ಮ ಸುತ್ತಮುತ್ತ ಹೋಂಸ್ಟೇಗಳು ಬಂದ ಮೇಲೆ ಪೂಲ್‌ಗಳು ಹೆಚ್ಚಾದವು. ಸರ್ವಿಸ್ ಮಾಡುತ್ತೇವೆ ಅಂತ ಬರುವವರೂ ಹೆಚ್ಚಾದರು. ಅಂಥವನೊಬ್ಬ ನಮ್ಮಲ್ಲಿಗೂ ಬಂದ. ಹೆಸರು ಹಾಕುವುದಿಲ್ಲ, ಬೇಡ. ಮಾತು ಮಾತ್ರ ಬಲು ನಯ.

"ಫಾರಿನ್‌ನ್ಯಾಗ ಎಲ್ಲಾರೂ ಹಿಂಗಽ ಮಾಡ್ತಾರ್ರಿ ಸರ. ಚಳಿಗಾಲದಾಗ ಕ್ಲೋಸಿಂಗ್, ಬ್ಯಾಸಗಿಗೆ ಮುಂಚೆ ಓಪನಿಂಗ್. ಮೋಟರ್ ಬಂದ್ ಇಟ್ರ ಕರೆಂಟ್ ಬಿಲ್ ಉಳಿತೈತಿ, ಕ್ಲೋರಿನ್ ಖರ್ಚೂ ಇಲ್ಲ."

ಅವನು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಅಲ್ಲೇ ಮೋಸ ಇರುವುದು. ಹಿಮ ಬೀಳುವ ದೇಶಗಳಲ್ಲಿ ಚಳಿಗಾಲಕ್ಕೆ ಪೂಲ್ ಮುಚ್ಚುವುದು ಹೌದು. ಅಲ್ಲಿ ನೀರು ಹೆಪ್ಪುಗಟ್ಟಿದರೆ ಪೈಪ್ ಒಡೆಯುತ್ತದೆ. ಅದಕ್ಕೇ ಪೈಪಿನೊಳಗಿನ ನೀರು ಪೂರ್ತಿ ತೆಗೆದು, ಬೆಳಕು ಒಳಗೆ ಹೋಗದಂಥ ದಪ್ಪ ಹೊದಿಕೆ ಹಾಕುತ್ತಾರೆ. ಅಷ್ಟು ತಣ್ಣಗಿನ ನೀರಿನಲ್ಲಿ ಪಾಚಿ ಅಷ್ಟಾಗಿ ಬೆಳೆಯುವುದಿಲ್ಲ. ವಸಂತ ಬಂದು ನೀರು 15-16 ಡಿಗ್ರಿ ದಾಟುವ ಮುಂಚೆಯೇ ಹೊದಿಕೆ ತೆಗೆದು ಕ್ಲೋರಿನ್ ಹಾಕಿಬಿಡುತ್ತಾರೆ, ಪಾಚಿಗೆ ಸಮಯವೇ ಸಿಗಬಾರದು ಅಂತ.

ಗಂಗಾವತಿಯಲ್ಲಿ ಡಿಸೆಂಬರ್ ಮಧ್ಯಾಹ್ನವೂ 28-30 ಡಿಗ್ರಿ ಬಿಸಿಲು ಇರುತ್ತದೆ ಅಲ್ವಾ? ಇಲ್ಲಿ ಪೈಪ್ ಒಡೆಯುವ ಚಳಿ ಎಲ್ಲಿದೆ? ಪಾಚಿ ಮಲಗುವ ಚಳಿ ಎಲ್ಲಿದೆ? ಇಲ್ಲಿ ಮೋಟರ್ ನಿಲ್ಲಿಸಿ, ಕ್ಲೋರಿನ್ ನಿಲ್ಲಿಸಿ, ನಿಂತ ನೀರನ್ನು ಮೂರು-ನಾಲ್ಕು ತಿಂಗಳು ಬಿಸಿಲಿಗೆ ಬಿಟ್ಟರೆ ಏನಾಗುತ್ತದೆ ಅಂತ ಪೂಲ್ ಕೆಲಸ ಮಾಡುವವನಿಗೆ ಗೊತ್ತಿರುವುದಿಲ್ಲವಾ? ಗೊತ್ತಿರುತ್ತದೆ. ಚೆನ್ನಾಗಿ ಗೊತ್ತಿರುತ್ತದೆ.

ಹೊದಿಕೆ ಅಂತ ಅವನು ತಂದಿದ್ದು ಏನು ಗೊತ್ತಾ? ಭತ್ತದ ರಾಶಿಗೆ ಹೊದಿಸುವ ನೀಲಿ ತಾಡಪತ್ರಿ. ಅದರ ಕೆಳಗೆ ಕೈ ಇಟ್ಟರೆ ಬೆರಳು ಲೆಕ್ಕ ಮಾಡಬಹುದು, ಅಷ್ಟು ಬೆಳಕು ಒಳಗೆ ಹೋಗುತ್ತದೆ. ಅಂಚಿಗೆ ಮರಳಿನ ಚೀಲ ಇಟ್ಟು, ಯಾವುದೋ ಕ್ಯಾನಿನಿಂದ ಏನೋ ಸುರಿದು, 18 ಸಾವಿರ ತಗೊಂಡು ಹೋದ.

ತಾಡಪತ್ರಿ ನಡುವೆ ಜೋತು ಬಿತ್ತು. ಇಬ್ಬನಿ, ಒಂದೆರಡು ಅಕಾಲದ ಮಳೆ, ಎಲ್ಲಾ ಅದರ ಮೇಲೆ ನಿಂತಿತು. ಮನೆಗೆ ಲಾರ್ವಾ ನೋಡುವುದಕ್ಕೆ ಬಂದ ಆಶಾ ಕಾರ್ಯಕರ್ತೆ ಹಿಂದುಗಡೆ ಹೋಗಿ ನೋಡಿ, ಅಮ್ಮನನ್ನು ಕರೆದು ತೋರಿಸಿದರು. ಸೊಳ್ಳೆ ಮರಿ ಓಡಾಡುತ್ತಿದ್ದವು. 2024ರಲ್ಲಿ ನಮ್ಮ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ನೀರು ನಿಲ್ಲಿಸಿದವರಿಗೆ ದಂಡದ ನಿಯಮ ತಂದಿದ್ದು ನೆನಪಿರಬಹುದು. ಆ ಅಕ್ಕ ಬೈಯಲಿಲ್ಲ, ಮೆತ್ತಗೆ ಹೇಳಿದರು. ಆದರೆ ಪಕ್ಕದ ಮನೆಯವರ ಮುಂದೆ ಅಮ್ಮನ ಮುಖ ಇಷ್ಟಾಗಿತ್ತು. ಅವನಿಗೆ ಫೋನ್ ಮಾಡಿದರೆ "ಮ್ಯಾಲಿನ ನೀರು ಚೆಲ್ಲಿಬಿಡ್ರಿ ಸರ, ಒಳಗ ಏನೂ ಆಗಿರಂಗಿಲ್ಲ" ಅಂದ.

ಶಿವರಾತ್ರಿ ಕಳೆದ ಮೇಲೆ ತೆಗೆದು ನೋಡಿದೆವು. ಎಮ್ಮೆ ಇಳಿಯುವ ಕೆರೆ ನೀರೇ ವಾಸಿ. ಮೊದಲನೇ ಮೆಟ್ಟಿಲೇ ಕಾಣುತ್ತಿರಲಿಲ್ಲ. ಗೋಡೆಗೆ ಕೈ ಹಚ್ಚಿದರೆ ಜಾರುವ ಹಸಿರು ಲೋಳೆ, ಬೆರಳಿಗೆ ಹತ್ತಿದ್ದು ತೊಳೆದರೂ ವಾಸನೆ ಹೋಗಲಿಲ್ಲ. ಯುಗಾದಿಗೆ ಅಕ್ಕನ ಮನೆಯ ಬೀಗರೆಲ್ಲಾ ರಾಯಚೂರಿನಿಂದ ಬರುವವರಿದ್ದರು. ಮಕ್ಕಳಿಗೆ ಪೂಲ್ ಅಂತ ಮೊದಲೇ ಹೇಳಿ ಇಟ್ಟಾಗಿತ್ತು.

ಅವನು ಬಂದು ನೋಡಿದ. ನಾಚಿಕೆ ಇಲ್ಲ, ಬೇಜಾರೂ ಇಲ್ಲ. "ಇದು ನಿಮ್ಮ ಬೋರ್ ನೀರಿನ ದೋಷ ರೀ ಸರ. ನೀರು ಗಡಸು ಐತಿ, ಅದಕ್ಕಽ ಹಿಂಗ ಆಗೇತಿ. ಓಪನಿಂಗ್ ಪ್ಯಾಕೇಜ್ ಮಾಡ್ಸಿಬಿಡ್ರಿ, ಎರಡ ದಿನದಾಗ ಕನ್ನಡಿಯಂಗ ಆಗತೈತಿ."

ನಮ್ಮ ಕಡೆ ಬೋರ್ ನೀರು ಗಡಸು ಅನ್ನುವುದು ಎಲ್ಲರಿಗೂ ಗೊತ್ತು. ಕೊಡ, ಬಕೆಟ್ಟಿಗೆ ಬಿಳಿ ಪದರ ಕಟ್ಟುವುದು ದಿನಾ ನೋಡುತ್ತೇವೆ. ಆದರೆ ಗಡಸು ನೀರಿನಿಂದ ಟೈಲ್ಸ್ ಮೇಲೆ ಬಿಳಿ ಕರೆ ಕೂರುತ್ತದೆ, ಪಾಚಿ ಬೆಳೆಯುವುದಿಲ್ಲ. ಪಾಚಿಗೆ ಬೇಕಾಗಿರುವುದು ಬೆಳಕು, ಬೆಚ್ಚಗೆ ನಿಂತ ನೀರು, ಸ್ವಲ್ಪ ರಂಜಕ-ಸಾರಜನಕ, ಮತ್ತೆ ಕ್ಲೋರಿನ್ ಇಲ್ಲದಿರುವುದು. ಬೆಳಕಿಗೆ ಅವನೇ ತೆಳ್ಳಗಿನ ಹೊದಿಕೆ ಹಾಕಿದ. ನೀರು ನಿಲ್ಲಿಸಿದವನೂ ಅವನೇ. ಕ್ಲೋರಿನ್ ನಿಲ್ಲಿಸಿದವನೂ ಅವನೇ. ಉಳಿದ ಗೊಬ್ಬರ ಗಾಳಿಯಲ್ಲೇ ಬರುತ್ತದೆ, ಸುತ್ತ ಭತ್ತದ ಗದ್ದೆ. ಕಾಲುವೆ ಪಕ್ಕದ ನೀರು ಟ್ಯಾಂಕರ್‌ನಲ್ಲಿ ತರಿಸಿ ತುಂಬುವವರು ಇನ್ನೂ ಹುಷಾರಾಗಿರಿ, ಗದ್ದೆಗೆ ಹಾಕಿದ ಡಿಎಪಿ, ಯೂರಿಯಾ ಅದರಲ್ಲಿ ಇಳಿದು ಬಂದಿರುತ್ತದೆ.

ಹಬ್ಬ ಹತ್ತಿರ ಬಂದಿತ್ತು. ಪ್ಯಾಕೇಜ್ 26 ಸಾವಿರ. ಅದರಲ್ಲಿ 9,500 ಆಲ್ಗಿಸೈಡ್, ಅಂದರೆ ಪಾಚಿ ಕೊಲ್ಲುವ ಔಷಧಿಯ ಒಂದು ಡಬ್ಬಿಗೆ. "ಇಂಪೋರ್ಟೆಡ್ ಆಲ್ಗಿಸೈಡ್ ರೀ, ಚೆನ್ನೈದಿಂದ ತರಿಸೀನಿ." ಬಿಳಿ ಪ್ಲಾಸ್ಟಿಕ್ ಡಬ್ಬಿ. ಲೇಬಲ್ ಕಿತ್ತಿದ್ದರು, ಅಂಟು ಮಾತ್ರ ಉಳಿದಿತ್ತು. ಲೇಬಲ್ ಯಾಕಿಲ್ಲ ಅಂತ ಕೇಳಿದೆ. "ಗಾಡಿ ಮ್ಯಾಲೆ ತಿಕ್ಕಿ ಹೋಗೇತ್ರಿ." ಬಕೆಟ್‌ನಲ್ಲಿ ಕಲಸಿದ, ಸುತ್ತ ಸುರಿದ. ಪೂಲ್ ಮಾತ್ರ ಮಿಂಚಿತು, ಅದು ಸುಳ್ಳಲ್ಲ. ಎರಡೇ ದಿನದಲ್ಲಿ ತಿಳಿ ನೀಲಿ. ಫೋಟೋ ತೆಗೆದು ತನ್ನ ವಾಟ್ಸಾಪ್ ಸ್ಟೇಟಸ್‌ಗೂ ಹಾಕಿಕೊಂಡ. 20 ಸಾವಿರ ಕೈಗೆ ತಗೊಂಡು ಹೋದ.

ಬೀಗರು ಬಂದರು. ಅಕ್ಕನ ಮಾವನವರಿಗೆ ನೀರು ಅಂದರೆ ಪ್ರಾಣ. ಕೃಷ್ಣಾ ನದಿ ದಂಡೆಯ ಊರಿನವರು, ಚಿಕ್ಕಂದಿನಿಂದ ಈಜಿದವರು. ಮೊಮ್ಮಕ್ಕಳ ಜೊತೆ ಬೆಳಿಗ್ಗೆ, ಸಂಜೆ ನೀರಿನಲ್ಲೇ ಇದ್ದರು. ಅವರದು ಪೂರ್ತಿ ಬಿಳಿ ಕೂದಲು. ಬೇವು-ಬೆಲ್ಲದ ತಟ್ಟೆ ಹಿಡಿದು ಎಲ್ಲರೂ ಅಂಗಳದಲ್ಲಿ ಕೂತಿದ್ದಾಗ ಮೊಮ್ಮಗಳು ಜೋರಾಗಿ "ತಾತನ ಕೂದ್ಲು ಹಸಿರಾಗೇತಿ" ಅಂದಳು. ಎಲ್ಲರೂ ತಿರುಗಿ ನೋಡಿದರು. ಹೌದು. ಕಿವಿ ಮೇಲೆ, ಹಿಂದುಗಡೆ ತಿಳಿ ಹಸಿರು. ಬಿಸಿಲಿಗೆ ಎದ್ದು ಕಾಣುತ್ತಿತ್ತು. ಅವರು ದೊಡ್ಡ ಮನುಷ್ಯರು, ಏನೂ ಅನ್ನಲಿಲ್ಲ, ಟವೆಲ್ ತಲೆಗೆ ಸುತ್ತಿಕೊಂಡು ಒಳಗೆ ಹೋದರು. ನಮ್ಮಪ್ಪ ತಲೆ ಎತ್ತಲಿಲ್ಲ. ಬೀಗರ ಮುಂದೆ, ಅದೂ ಹಬ್ಬದ ದಿನ. ಬರೆಯುವಾಗಲೂ ಕೈ ನಡುಗುತ್ತದೆ.

ಆ ಡಬ್ಬಿ ಪಂಪ್ ರೂಮಿನಲ್ಲೇ ಬಿದ್ದಿತ್ತು. ಕುಷ್ಟಗಿ ಕಡೆ ದಾಳಿಂಬೆ ತೋಟ ಮಾಡಿರುವ ನಮ್ಮ ಕಾಕಾ ಅದನ್ನು ಎತ್ತಿ, ತಳದಲ್ಲಿ ಉಳಿದಿದ್ದ ನೀಲಿ ಹರಳು ಅಂಗೈಗೆ ಹಾಕಿಕೊಂಡು ನೋಡಿದರು. "ತಮ್ಮಾ, ಇದು ನಾವು ದಾಳಿಂಬ್ರಿಗೆ ಸುಣ್ಣದ ಕೂಡ ಕಲಸಿ ಹೊಡಿಯೋ ಮೈಲುತುತ್ತ ಅಲ್ಲೇನೋ?"

ಮೈಲುತುತ್ತ. ಬೆಳೆಯ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಹಾಕುವ ಮೈಲುತುತ್ತ, ಅಂದರೆ ಕಾಪರ್ ಸಲ್ಫೇಟ್. ಗಂಗಾವತಿಯ ಯಾವ ಗೊಬ್ಬರದ ಅಂಗಡಿಯಲ್ಲಾದರೂ ಸಿಗುತ್ತದೆ, ಕಿಲೋಗೆ ಕೆಲವು ನೂರು ರೂಪಾಯಿ. ಅದಕ್ಕೆ 9,500. ಚೆನ್ನೈದಿಂದ ತರಿಸಿದ್ದಂತೆ. ಇಂಪೋರ್ಟೆಡ್ ಅಂತೆ. ಆ ಹರಳು ಕಾಕಾ ಅಂಗೈಯಲ್ಲಿ ಇದ್ದದ್ದು ಈಗಲೂ ಕಣ್ಣ ಮುಂದೆ ಇದೆ. ರೈತರ ಮನೆಯಲ್ಲಿ ನಿಂತು ರೈತರಿಗೇ ಮೈಲುತುತ್ತ ಮಾರಿ ಹೋಗಿದ್ದಾನೆ.

ಮೈಲುತುತ್ತ ಪಾಚಿ ಕೊಲ್ಲುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಒಂದು ಕಿಲೋ ಮೈಲುತುತ್ತದಲ್ಲಿ ಕಾಲು ಕಿಲೋ ತಾಮ್ರ ಇರುತ್ತದೆ. ನಮ್ಮ 27 ಸಾವಿರ ಲೀಟರ್‌ಗೆ ಅದು 9 ಪಿಪಿಎಂ, ಅಂದರೆ ಲೀಟರಿಗೆ 9 ಮಿಲಿಗ್ರಾಂ ಆಯಿತು. ತಾಮ್ರದ ಔಷಧಿ ಹಾಕುವವರೂ ಪೂಲ್‌ನಲ್ಲಿ ಒಂದು ಪಿಪಿಎಂಗಿಂತ ಎಷ್ಟೋ ಕಡಿಮೆ ಇಡುತ್ತಾರೆ. ಇವನು ಹಾಕಿದ್ದು ಒಂದೇ ಕಿಲೋ ಅಂತ ನಾನು ನಂಬುವುದಿಲ್ಲ. ಜಾಸ್ತಿಯಾದ ತಾಮ್ರ ಬಿಳಿ ಕೂದಲಿಗೆ ಹತ್ತುತ್ತದೆ. ಗಡಸು ನೀರಿನಲ್ಲಿ, ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಜಾಸ್ತಿ ಇದ್ದರೆ ಗೋಡೆಗೂ ಕೂರುತ್ತದೆ. ನಮ್ಮ ಟೈಲ್ಸ್ ಸಂದಿಯ ಬಿಳಿ ಗ್ರೌಟ್ ಎಲ್ಲಾ ಈಗ ತಿಳಿ ಹಸಿರು-ನೀಲಿ. ಉಜ್ಜಿದರೂ ಹೋಗುತ್ತಿಲ್ಲ.

ಫೋನ್ ಮಾಡಿದೆ. ಮೊದಲು, "ಅದು ಪೂಲ್ ಗ್ರೇಡ್ ರೀ ಸರ, ತ್ವಾಟದ್ದು ಬ್ಯಾರೆ." ಹಾಗಾದರೆ ಬಿಲ್ಲಿನಲ್ಲಿ ಹೆಸರು ಬರೆದು ಕೊಡು ಅಂದೆ. "ಕಂಪನಿ ಸೀಕ್ರೆಟ್ ರೀ." ಕೂದಲು ಹಸಿರಾಗಿದ್ದು ಹೇಳಿದೆ. "ಅವ್ರು ಮೆಹಂದಿ ಹಚ್ಚಿರಬೇಕು ನೋಡ್ರಿ." ಎಪ್ಪತ್ತು ದಾಟಿದ ಹಿರಿಯರ ಬಗ್ಗೆ ಹೇಳುವ ಮಾತಾ ಇದು? ಆಮೇಲೆ ವಾಯ್ಸ್ ಮೆಸೇಜ್ ಕಳಿಸಿದ: "ಸರ, ನೀವು ಸಣ್ಣ ವಿಷಯ ದೊಡ್ಡದು ಮಾಡಾಕತ್ತೀರಿ. ಪೂಲ್ ಕ್ಲೀನ್ ಆಗೇತೋ ಇಲ್ಲೋ ಹೇಳ್ರಿ." ಸಣ್ಣ ವಿಷಯವಂತೆ.

ಕ್ಲೀನೂ ಆಗಿರಲಿಲ್ಲ. ನೆಂಟರು ಹೋದ ವಾರದೊಳಗೆ ನೆರಳಿರುವ ಮೂಲೆಯಲ್ಲಿ, ಏಣಿ ಹಿಂದೆ ಮತ್ತೆ ಲೋಳೆ ಶುರುವಾಯಿತು. ಟೆಸ್ಟ್ ಕಿಟ್ ತರಿಸಿ ನೋಡಿದರೆ ಕ್ಲೋರಿನ್ ಸೊನ್ನೆ. ಪಿಎಚ್ 8ರ ಮೇಲೆ. ಅಂದರೆ 26 ಸಾವಿರದ ಪ್ಯಾಕೇಜ್ ಆದ ಮೇಲೂ ನೀರಿನಲ್ಲಿ ಕ್ಲೋರಿನ್ನೇ ಇರಲಿಲ್ಲ. ಗೋಡೆ ಉಜ್ಜಿರಲಿಲ್ಲ, ಮರಳಿನ ಫಿಲ್ಟರ್ ಬ್ಯಾಕ್‌ವಾಶ್ (ನೀರು ಹಿಮ್ಮುಖ ಹರಿಸಿ ತೊಳೆಯುವುದು) ಮಾಡಿರಲಿಲ್ಲ. ಸತ್ತ ಪಾಚಿ ಎಲ್ಲಾ ತಳದಲ್ಲೇ ಕೂತಿತ್ತು.

ಈಗ ಆ ಲೆಕ್ಕಕ್ಕೆ ಬರೋಣ. ಹಸಿರಾದ ನೀರಿಗೆ ಶಾಕ್ ಕೊಡುವುದು ಅಂದರೆ ಕ್ಲೋರಿನ್ ಅನ್ನು 10 ಪಿಪಿಎಂ ಅಥವಾ ಅದಕ್ಕಿಂತ ಮೇಲೆ ಏರಿಸುವುದು. 27 ಸಾವಿರ ಲೀಟರ್‌ಗೆ 10 ಪಿಪಿಎಂ ಅಂದರೆ 270 ಗ್ರಾಂ ಕ್ಲೋರಿನ್. 65 ಪರ್ಸೆಂಟ್ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಆದರೆ 400 ಗ್ರಾಂ ಚಿಲ್ಲರೆ ಸಾಕು. ಸಾದಾ ಬ್ಲೀಚಿಂಗ್ ಪೌಡರ್ ಹೊಸದಾಗಿದ್ದರೆ, ಮುಕ್ಕಾಲು ಕಿಲೋದಿಂದ ಒಂದು ಕಿಲೋ. ಹಳೆಯದಾದರೆ ನಮ್ಮ ಸೆಕೆಗೆ ಅದರ ಶಕ್ತಿ ಹೋಗಿರುತ್ತದೆ, ಮೇಲೆ ಸುಣ್ಣದ ಗಸಿ ಬೇರೆ. ತುಂಬಾ ಹಸಿರಾಗಿದ್ದರೆ ಮತ್ತೆ ಮತ್ತೆ ಹಾಕಬೇಕಾಗುತ್ತದೆ, ಆದರೂ ಖರ್ಚು ಸಾವಿರಗಳಲ್ಲಿ ಬರುವುದಿಲ್ಲ. ಹಾಕುವ ಮುಂಚೆ ಪಿಎಚ್ 7.2ರ ಹತ್ತಿರ ಇಳಿಸಿಕೊಳ್ಳಬೇಕು. ಪಿಎಚ್ 8 ಇದ್ದರೆ ಕ್ಲೋರಿನ್‌ನ ಮುಕ್ಕಾಲು ಪಾಲು ಸುಮ್ನೆ ಕೂತಿರುತ್ತದೆ. ಸೂರ್ಯ ಮುಳುಗಿದ ಮೇಲೆ ಹಾಕಿ, ರಾತ್ರಿಯೆಲ್ಲಾ ಮೋಟರ್ ಓಡಿಸಬೇಕು, ಯಾಕೆಂದರೆ ನಡು ಬಿಸಿಲಿನಲ್ಲಿ ರಕ್ಷಣೆ ಇಲ್ಲದ ಕ್ಲೋರಿನ್ ಒಂದು ತಾಸಿನೊಳಗೇ ಅರ್ಧ ಹಾರಿಹೋಗುತ್ತದೆ. ಹಾಕುವ ಮುಂಚೆಯೂ ಆಮೇಲೂ ಗೋಡೆ ಉಜ್ಜಬೇಕು, ಲೋಳೆಯ ಒಳಗೆ ಕ್ಲೋರಿನ್ ಇಳಿಯುವುದಿಲ್ಲ. ನಾನು ಇಷ್ಟೇ ಮಾಡಿದ್ದು. ನೀರು ಹಸಿರಿನಿಂದ ಬೂದಿ ಬಣ್ಣಕ್ಕೆ ತಿರುಗಿತು, ಆಮೇಲೆ ಬ್ಯಾಕ್‌ವಾಶ್ ಮಾಡುತ್ತಾ ಮಾಡುತ್ತಾ ತಿಳಿಯಾಯಿತು. ತಾಮ್ರಕ್ಕೆ ಮಾತ್ರ ಅರ್ಧಕ್ಕಿಂತ ಜಾಸ್ತಿ ನೀರು ಹೊರಗೆ ಬಿಡಬೇಕಾಯಿತು. ಈ ಬೇಸಿಗೆಯಲ್ಲಿ ಅಷ್ಟು ನೀರು! ಅದನ್ನು ತೋಟಕ್ಕೂ ಬಿಡುವ ಹಾಗಿರಲಿಲ್ಲ.

ದೊಡ್ಡ ಬಿಲ್ಲೆ ದಿನಾ ಒಂದು ಹಾಕಿ ಅನ್ನುವವರೂ ಇದ್ದಾರೆ, ಟಿಸಿಸಿಎ ಅನ್ನುವ ಕ್ಲೋರಿನ್ ಬಿಲ್ಲೆ. 200 ಗ್ರಾಮಿನ ಒಂದು ಬಿಲ್ಲೆ ನಮ್ಮಂಥ ಪೂಲ್‌ಗೆ ಸುಮಾರು 4 ಪಿಪಿಎಂ ಸಯನ್ಯೂರಿಕ್ ಆಮ್ಲ ಸೇರಿಸುತ್ತದೆ. ಈ ಆಮ್ಲ 30-50 ಪಿಪಿಎಂ ಇದ್ದರೆ ಬಿಸಿಲಿನಿಂದ ಕ್ಲೋರಿನ್ ಕಾಪಾಡುತ್ತದೆ, 100 ದಾಟಿದರೆ ಕ್ಲೋರಿನ್ ಕೆಲಸವನ್ನೇ ಕಟ್ಟಿಹಾಕುತ್ತದೆ. ದಿನಾ ಒಂದರಂತೆ ಹಾಕಿದರೆ ತಿಂಗಳೊಳಗೆ ದಾಟುತ್ತದೆ. ಇನ್ನೊಂದು, ಆ ಬಿಲ್ಲೆಯನ್ನೂ ಬ್ಲೀಚಿಂಗ್ ಪೌಡರನ್ನೂ ಒಂದೇ ಬಕೆಟ್‌ನಲ್ಲಿ ಎಂದಿಗೂ ಕಲಸಬೇಡಿ. ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಕೆಲಸದವರಿಗೂ ಹೇಳಿ ಇಡಿ.

ಚಳಿಗಾಲದಲ್ಲಿ ಯಾರೂ ಇಳಿಯದಿದ್ದರೂ ದಿನಕ್ಕೆ ಮೂರು-ನಾಲ್ಕು ತಾಸು ಮೋಟರ್ ಓಡಿಸಿ, ಕ್ಲೋರಿನ್ 1ರಿಂದ 3 ಪಿಪಿಎಂ ಇಡಿ, ವಾರಕ್ಕೊಮ್ಮೆ ಗೋಡೆ ಉಜ್ಜಿಸಿ. ಒಂದು ಎಚ್‌ಪಿ ಮೋಟರ್‌ಗೆ ತಿಂಗಳಿಗೆ ನೂರು ಯೂನಿಟ್ ಸುತ್ತಮುತ್ತ ಆಗುತ್ತದೆ. ಇದನ್ನು ಉಳಿಸಿಕೊಡುತ್ತೇನೆ ಅಂತಲೇ ಅವನು 44 ಸಾವಿರದ ಲೆಕ್ಕ ಬರೆದಿದ್ದು. ಹೀಗೆ ಇಟ್ಟ ಪೂಲ್‌ಗೆ ಯುಗಾದಿ ಮುಂಚೆ ‘ಓಪನಿಂಗ್’ ಅನ್ನುವುದೇ ಬೇಕಿಲ್ಲ. ಔಷಧಿ ತಂದವನನ್ನು ಲೇಬಲ್ ಕೇಳಿ, ಬಿಲ್ಲಿನಲ್ಲಿ ಔಷಧಿಯ ಹೆಸರು ಬರೆಸಿಕೊಳ್ಳಿ. ಲೇಬಲ್ ಇಲ್ಲದ ಡಬ್ಬಿ ಗೇಟಿನೊಳಗೆ ಬಿಡಬೇಡಿ.

ಬಾಕಿ ಆರು ಸಾವಿರಕ್ಕೆ ಅವನು ಈಗಲೂ ಫೋನ್ ಮಾಡುತ್ತಾನೆ. ಡಬ್ಬಿ ನನ್ನ ಹತ್ತಿರವೇ ಇದೆ. ಬಾ, ಒಳಗೆ ಏನಿತ್ತು ಅಂತ ಕಾಗದದ ಮೇಲೆ ಬರೆದು ಸಹಿ ಹಾಕು, ಅಕ್ಕನ ಮಾವನವರಿಗೆ ಫೋನ್ ಮಾಡಿ ತಪ್ಪಾಯಿತು ಅನ್ನು, ಆಮೇಲೆ ದುಡ್ಡಿನ ಮಾತು ಅಂದಿದ್ದೇನೆ. "ನೋಡೋಣ್ರಿ ಸರ" ಅಂತಾನೆ. ಬಂದಿಲ್ಲ.